ಎರಡು ಜೊತೆ ಅಂಗಿಯ ಕತೆ ಸಾಕು ಮಾರಾಯ್ರೆ

ತಮಿಳುನಾಡಿನ ಹಳೇ ಕಾಂಗ್ರೆಸ್ ನಾಯಕ ಕಾಮರಾಜರ ಜಯಂತಿಗೆ ಹೋಗಿ ಈಗಷ್ಟೇ ಮನೆಗೆ ಬಂದೆ. ತಲೆ ಕೆಟ್ಟಿದೆ. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ ಬಂದದ್ದು ಹನ್ನೊಂದೂವರೆಗೆ, ಮೂರು ಕಾರಿನಲ್ಲಿ. ಒಬ್ಬರೇ ಮೂರು ಕಾರಿನಲ್ಲಿ ಹೇಗೆ ಕೂರ್ತಾರೋ, ನನ್ನ ಕೇಳಬೇಡಿ. ಮೈಕ್ ಹಿಡಿದು ಅರ್ಧ ಗಂಟೆ ಹೇಳಿದ್ದು ಒಂದೇ: ಸರಳತೆ. ಕಾಮರಾಜರ ಖಾದಿ ಅಂಗಿ, ಮದುವೆ ಇಲ್ಲ, ಸ್ವಂತ ಮನೆ ಇಲ್ಲ, ಅವರ ಊರು ವಿರುದುನಗರದಲ್ಲಿ ಅಮ್ಮನ ಮನೆಗೆ ಅಂತಲೇ ಹಾಕಿದ್ದ ನಲ್ಲಿ ಕೀಳಿಸಿದ ಕತೆ. ಶಾಮಿಯಾನದ ಹೊರಗೆ ಬಿಸಿಲಲ್ಲಿ ನಿಂತ ಮಕ್ಕಳು ಚಪ್ಪಾಳೆ ಹೊಡೆದರು.

ಸರಳ ಮನುಷ್ಯ, ಒಪ್ಪಿದೆ. ಅಷ್ಟೇನಾ? ನಮ್ಮಪ್ಪನೂ ಎರಡು ಅಂಗಿಯಲ್ಲೇ ಜೀವನ ಕಳೆದರು. ಯಾರೂ ಭಾರತ ರತ್ನ ಕೊಡಲಿಲ್ಲ.

1954ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ಆದರಲ್ಲ, ಹಿಂದಿನ ಮುಖ್ಯಮಂತ್ರಿ ರಾಜಾಜಿಯವರ ಶಾಲಾ ಯೋಜನೆಯನ್ನು ಎತ್ತಿ ಬದಿಗಿಟ್ಟರು. ಅರ್ಧ ದಿನ ಪಾಠ, ಉಳಿದ ಹೊತ್ತು ಅಪ್ಪನ ಕಸುಬು ಅನ್ನೋ ಯೋಜನೆ ಅದು. ನಾಯಕ ಸ್ಥಾನಕ್ಕೆ ಎದುರು ನಿಂತು ಸೋತ ಸಿ. ಸುಬ್ರಮಣಿಯಂ ಅವರನ್ನೇ ಮಂತ್ರಿ ಮಾಡಿಕೊಂಡರು. ಅದು ಸರಳತೆ ಅಲ್ಲ ಸ್ವಾಮಿ, ಲೆಕ್ಕಾಚಾರ. ಮುಚ್ಚಿದ ಶಾಲೆಗಳನ್ನು ಮತ್ತೆ ತೆರೆಸಿದರು. ಮಕ್ಕಳಿಗೆ ಮಧ್ಯಾಹ್ನ ಊಟ ಹಾಕಿಸಿದರು.

ಊಟ ಅಂದಾಗ ಒಂದು ವಿಷಯ, ಇಷ್ಟು ದಿನ ಯಾರಿಗೂ ಹೇಳಿಲ್ಲ. ನಾನು ಒಂದನೇ ಕ್ಲಾಸಿಗೆ ಹೋಗಿದ್ದೇ ಉಪ್ಪಿಟ್ಟಿಗೆ. ಗಂಟೆ ಹೊಡೆಯೋ ಮೊದಲೇ ಅಂಗಿ ಚುಂಗಿನಲ್ಲಿ ತಟ್ಟೆ ಒರೆಸಿಕೊಂಡು ಕೂರುತ್ತಿದ್ದೆ. ಅಕ್ಷರ ಬಂದದ್ದು ಆಮೇಲೆ.

1963ರಲ್ಲಿ ಕುರ್ಚಿ ಬಿಟ್ಟದ್ದನ್ನು ಅತಿಥಿಗಳು 'ತ್ಯಾಗ' ಅಂದರು. ಹಿರಿಯರು ಅಧಿಕಾರ ಬಿಟ್ಟು ಪಕ್ಷದ ಕೆಲಸಕ್ಕೆ ಇಳಿಯಬೇಕು ಅನ್ನೋ ಅವರದೇ ಯೋಜನೆ ಅದು. ಆ ತ್ಯಾಗದಲ್ಲಿ ಇನ್ನೂ ಐದು ಮುಖ್ಯಮಂತ್ರಿಗಳ, ಆರು ಕೇಂದ್ರ ಮಂತ್ರಿಗಳ ಕುರ್ಚಿ ಹೋಯಿತು. ಪ್ರಧಾನಿ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಮೊರಾರ್ಜಿ ದೇಸಾಯಿಯವರದೂ. ಮರುವರ್ಷ ನೆಹರೂ ತೀರಿಕೊಂಡಾಗ ಪಕ್ಷದ ಅಧ್ಯಕ್ಷರು ಯಾರು? ಇದೇ ಕಾಮರಾಜ್. ಪ್ರಧಾನಿ ಕುರ್ಚಿಯಲ್ಲಿ ಶಾಸ್ತ್ರಿಯವರನ್ನು ಕೂರಿಸಿದರು, 1966ರಲ್ಲಿ ಇಂದಿರಾ ಅವರನ್ನು. ಎರಡು ಸಲವೂ ಮೊರಾರ್ಜಿ ಹೊರಗೆ!

"ಈ ಕಾಲಕ್ಕೆ ಸರಳತೆ ಕಲಿಸೋದೇ ಮುಖ್ಯ ಅಲ್ವಾ ಸಾರ್" ಅಂದರು ಪಕ್ಕದಲ್ಲಿ ಕೂತವರು. ಕಲಿಸಿ, ಮೊದಲು ಮೂರು ಕಾರಿನವರಿಗೆ. ಸರಳತೆಗೇ ಓಟು ಬೀಳೋದಾದರೆ 1967ರಲ್ಲಿ ವಿರುದುನಗರದಲ್ಲೇ ಡಿಎಂಕೆಯ ಒಬ್ಬ ವಿದ್ಯಾರ್ಥಿ ನಾಯಕನ ಎದುರು ಸೋಲುತ್ತಿದ್ದರಾ? ಅಂಗಿ ಆಗಲೂ ಅದೇ. ಜನಕ್ಕೆ ಬೇಕಾಗಿದ್ದು ಅಕ್ಕಿ. ರೂಪಾಯಿಗೆ ಮೂರು ಪಡಿ ಕೊಡ್ತೀವಿ ಅಂದಿತ್ತು ಡಿಎಂಕೆ.

ಇನ್ನು ನಮ್ಮ ಲಾಲ್‌ಬಾಗ್ ಗಾಜಿನ ಮನೆ. 1969ರ ಜುಲೈ, ಅಲ್ಲೇ ಕಾಂಗ್ರೆಸ್ ಸಭೆ. ಇಂದಿರಾ ಒಂದು ಕಡೆ, ನಿಜಲಿಂಗಪ್ಪ, ಕಾಮರಾಜ್ ಎಲ್ಲ ಇನ್ನೊಂದು ಕಡೆ. ವರ್ಷ ಮುಗಿಯೋದರೊಳಗೆ ಪಕ್ಷ ಎರಡು ಹೋಳು. ತಾವೇ ಕೂರಿಸಿದವರು ತಮ್ಮ ಎದುರೇ ನಿಂತರು. ಬೆಂಗಳೂರಲ್ಲಿ ನಿಂತು ಭಾಷಣ ಮಾಡೋರಿಗೆ ಇದೂ ನೆನಪಾಗಲ್ವಾ? ಸುಮ್ನೆ ನಲ್ಲಿ, ನಲ್ಲಿ, ನಲ್ಲಿ.

ಕೊನೆಗೆ ಮಕ್ಕಳಿಗೆ ಒಂದೊಂದು ಬಿಸ್ಕತ್ ಪ್ಯಾಕೆಟ್. ಅತಿಥಿಗಳಿಗೆ ಒಳಗೆ ತಿಂಡಿ. ನನ್ನನ್ನೂ ಕರೆದರು. ಹೋದೆ. ಬೈದುಕೊಳ್ಳಿ ಬೇಕಾದರೆ, ಉಪ್ಪಿಟ್ಟಿತ್ತು.