ಸೊನ್ನೆ ಬಿಂದು ಸೊನ್ನೆ ಎರಡರ ಮಹಾಮಾನವ

ಉದ್ದೀಪನ ಮದ್ದು ತೆಗೆದುಕೊಂಡವರನ್ನು ಹೊರಗಟ್ಟದೆ ಆರತಿ ಎತ್ತಿ ಬರಮಾಡಿಕೊಳ್ಳುವ ‘ಎನ್‌ಹ್ಯಾನ್ಸ್ಡ್ ಗೇಮ್ಸ್’ ಎಂಬ ಕ್ರೀಡಾಕೂಟದ ಸುದ್ದಿ ನೀವು ಓದಿಯೇ ಇರುತ್ತೀರಿ. ಮುಹೂರ್ತ ಇಟ್ಟದ್ದು 2026ರ ಮೇ ತಿಂಗಳಿಗೆ, ಮಂಟಪ ಲಾಸ್ ವೇಗಸ್. ಜೂಜಿನ ಊರು, ಜಾಗದ ಆಯ್ಕೆಯಲ್ಲಿ ತಪ್ಪು ಹುಡುಕುವಂತಿಲ್ಲ.

ಮಹಾಮಾನವನ ಮೊದಲ ದರ್ಶನವಂತೂ 2025ರಲ್ಲೇ ಆಯಿತು. ಗ್ರೀಸ್‌ನ ಈಜುಗಾರ ಕ್ರಿಸ್ಟಿಯನ್ ಗೊಲೊಮೇವ್ 50 ಮೀಟರ್ ಫ್ರೀಸ್ಟೈಲನ್ನು 20.89 ಸೆಕೆಂಡುಗಳಲ್ಲಿ ಮುಗಿಸಿ ಹತ್ತು ಲಕ್ಷ ಡಾಲರ್ ಪಡೆದರು. ಬ್ರೆಜಿಲ್‌ನ ಸೀಸರ್ ಸಿಯೆಲೊ 2009ರಲ್ಲಿ ವಿಶ್ವದಾಖಲೆ ಬರೆದಾಗ ತೆಗೆದುಕೊಂಡ ಸಮಯ 20.91. ಅಂದರೆ ಮದ್ದು, ಅಧಿಕೃತ ಸ್ಪರ್ಧೆಗಳಲ್ಲಿ ನಿಷೇಧಿತವಾದ ಮೈಯುಡುಗೆ, ಕೋಟಿಗಟ್ಟಲೆ ಹಣ ಎಲ್ಲವೂ ಸೇರಿ ಮನುಕುಲವನ್ನು ಮುಂದಕ್ಕೆ ತಳ್ಳಿದ್ದು 0.02 ಸೆಕೆಂಡು. ರೆಪ್ಪೆ ಬಡಿಯಲೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಆದರೂ ಮದ್ದನ್ನು ಮುಚ್ಚಿಡದ ಈ ಕೂಟದವರ ಪ್ರಾಮಾಣಿಕತೆಗೆ ಶರಣು. ಸಿನಿಮಾದಲ್ಲಿ ಕ್ಯಾಪ್ಟನ್ ಅಮೆರಿಕನಿಗೆ ಎಲ್ಲರೆದುರೇ ಔಷಧ ಚುಚ್ಚುತ್ತಾರೆ. ಹಾಲಿವುಡ್ ನಟರನ್ನು ಕೇಳಿದರೆ ಮಾತ್ರ ಬರೀ ಕೋಳಿಯೆದೆ, ಅನ್ನ, ನಿದ್ರೆ, ಶ್ರದ್ಧೆ! ಸೂಪರ್‌ಮ್ಯಾನ್ ಆಗಿದ್ದ ಹೆನ್ರಿ ಕ್ಯಾವಿಲ್ ಕೊಂಚ ನಿಜ ಹೇಳಿದ್ದರು. ಮುಂದೊಂದು ಸರಣಿಯಲ್ಲಿ ಅಂಗಿ ಬಿಚ್ಚಿ ನಿಲ್ಲಲು ಅವರು ನೀರು ಕುಡಿಯುವುದನ್ನು ಬಿಡುತ್ತಾ ಬಂದರಂತೆ. ಮೂರನೆಯ ದಿನ ಹತ್ತಿರದಲ್ಲೆಲ್ಲೋ ಇರುವ ನೀರಿನ ವಾಸನೆಯೂ ಮೂಗಿಗೆ ಬರುತ್ತಿತ್ತಂತೆ. ಹಿಂದೆ ಋಷಿಗಳು ಇಷ್ಟು ತಪಸ್ಸು ಮಾಡಿದ್ದರೆ ದೇವರು ಪ್ರತ್ಯಕ್ಷನಾಗುತ್ತಿದ್ದ. ಇಲ್ಲಿ ಪ್ರತ್ಯಕ್ಷವಾದದ್ದು ಹೊಟ್ಟೆಯ ಮೇಲಿನ ಗೆರೆಗಳು.

ನಮ್ಮ ಯಕ್ಷಗಾನದ ಬಣ್ಣದ ವೇಷ ನೆನಪಾಗುತ್ತದೆ. ರಾಕ್ಷಸನಾಗಬೇಕೇ? ಮೈಗೆ ಬಟ್ಟೆ ಸುತ್ತಿ, ಒಳಗೆ ತುಂಬಿ, ದೇಹ ದೊಡ್ಡದು ಮಾಡಿಕೊಂಡರಾಯಿತು. ಬಣ್ಣ ಹಚ್ಚುವ ಚೌಕಿಯೊಳಗೆ ಇಣುಕುವ ಮಕ್ಕಳಿಗೂ ಆ ಗುಟ್ಟು ಗೊತ್ತು. ಅಬ್ಬರಿಸಿ ಬಂದರೆ ಅದೇ ಮಕ್ಕಳು ಅಮ್ಮನ ಸೆರಗಿನಲ್ಲಿ ಅಡಗುತ್ತಾರೆ. ಬೆಳಗಾದ ಮೇಲೆ ಬಣ್ಣ ಒರೆಸಿ, ಗಂಟು ಬಿಚ್ಚಿ, ಕಲಾವಿದ ಗಂಟಲು ತುಂಬ ಚಹಾ ಕುಡಿಯುತ್ತಾನೆ. ಆ ಮೈಕಟ್ಟು ತನಗೂ ಬೇಕೆಂದು ಯಾವ ಹುಡುಗನೂ ಊಟ ಬಿಟ್ಟದ್ದನ್ನು ನಾನು ಕೇಳಿಲ್ಲ.

ಈಗ ಬಿಡುತ್ತಾರೆ. ಮದುವೆ ಮನೆಯಲ್ಲಿ ಪಾಯಸ ಬಡಿಸುತ್ತಲೇ “ಯಾಕೋ ಇಷ್ಟು ಸೊರಗಿದ್ದೀಯ” ಎನ್ನುವ ಚಿಕ್ಕಮ್ಮ, ಮುಂದಿನ ವರ್ಷ “ಹೊಟ್ಟೆ ಬಂತಲ್ಲೋ” ಎನ್ನುತ್ತಾಳೆ. ನಡುವೆ ಸಿಕ್ಕಿಬಿದ್ದ ಹುಡುಗ ಜಿಮ್ ಸೇರುತ್ತಾನೆ, ಅಲ್ಲಿ ಯಾರೋ ಅಣ್ಣ ಲೇಬಲ್ಲಿಲ್ಲದ ಸೀಸೆ ತೋರಿಸುತ್ತಾನೆ.

ಲಾಸ್ ವೇಗಸ್‌ನ ಆಟಗಾರನ ಸುತ್ತ ವೈದ್ಯರಾದರೂ ಇರುತ್ತಾರೆ. ಆ ಕ್ರೀಡಾಕೂಟದ ಕಂಪನಿ ಜನಸಾಮಾನ್ಯರಿಗೂ ಟೆಸ್ಟೊಸ್ಟಿರಾನ್ ಎಂಬ ಗಂಡು ಹಾರ್ಮೋನು ಮಾರುವ ವ್ಯಾಪಾರಕ್ಕೆ ಇಳಿದಿದೆ. ಓಟ, ಈಜು ಎಲ್ಲವೂ ಅಂಗಡಿಯ ಬಾಗಿಲಿಗೆ ಕಟ್ಟಿದ ತೋರಣ ಎನ್ನಲು ಇನ್ನೇನು ಸಾಕ್ಷಿ ಬೇಕು? ನಗಲು ಕೂತವನಿಗೆ ಇಲ್ಲಿಗೆ ಸಾಕಾಯಿತು. ಹೊರಗಿನಿಂದ ಆ ಹಾರ್ಮೋನು ಸುರಿದರೆ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ. ಇದು ವೈದ್ಯರಿಗೆಲ್ಲ ಗೊತ್ತಿರುವ ಹಳೆಯ ಸಂಗತಿ. ಗಂಡಸುತನ ಮಾರುವವರು ಇದನ್ನೂ ಪೋಸ್ಟರಿನಲ್ಲಿ ಅಷ್ಟೇ ದಪ್ಪಕ್ಷರದಲ್ಲಿ ಹಾಕಲಿ, ಎಷ್ಟು ಸೀಸೆ ಖರ್ಚಾಗುತ್ತವೆಯೋ ನೋಡೋಣ.