ಬೆದೆ ತಿಳಿಯಲು ಹಸುವನ್ನು ದಿನಾ ಬಿಚ್ಚಿ ಬಿಡಬೇಕೇ?

ಪರ: ಕಟ್ಟಿದ ಹಸು ಹೇಗೆ ತೋರಿಸೀತು?

ತೀರ್ಥಹಳ್ಳಿ, ಹೊಸನಗರದ ಕಡೆ ಜೆರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸುಗಳನ್ನು ಹಗಲೂ ರಾತ್ರಿ ಕೊಟ್ಟಿಗೆಯಲ್ಲೇ ಕಟ್ಟುತ್ತಾರೆ. ಆಮೇಲೆ ಗಬ್ಬ ನಿಲ್ಲುತ್ತಿಲ್ಲ ಎಂಬ ಗೋಳು. ಬೆದೆ ಅಂದರೆ ಹಸು ಗಬ್ಬಕ್ಕೆ ಸಿದ್ಧವಾಗುವ ಹೊತ್ತು. ಅದರ ಖಾತ್ರಿ ಗುರುತು ಒಂದೇ. ಇನ್ನೊಂದು ಹಸು ಮೇಲೆ ಹಾರಿದಾಗ ಕದಲದೆ ನಿಲ್ಲುವುದು. ಹಾರಿದ್ದಕ್ಕೆ ಬೆದೆ ಇರಬಹುದು, ಇಲ್ಲದಿರಬಹುದು. ನಿಂತದ್ದನ್ನು ನೋಡಬೇಕು. ಕೂಗು, ಲೋಳೆ, ಹಾಲು ಕಡಿಮೆಯಾಗುವುದು ಎಲ್ಲ ಬರೀ ಸುಳಿವು.

ನಮ್ಮ ಮನೆಯ ಎಚ್‌ಎಫ್ ಹಸು ಕರು ಹಾಕಿ ತಿಂಗಳುಗಳು ಕಳೆದರೂ ಸದ್ದಿರಲಿಲ್ಲ. ಬೆದೆಗೇ ಬರಲ್ಲ, ಮಾರಿಬಿಡಿ ಅಂದವರೇ ಜಾಸ್ತಿ. ಅಮ್ಮ ಒಪ್ಪಲಿಲ್ಲ. ಬೆಳಗಿನ ಹಾಲು ಕರೆದ ಮೇಲೆ ಅದನ್ನೂ ಮಲೆನಾಡು ಗಿಡ್ಡ ಎಂಬ ಪುಟ್ಟ ನಾಟಿ ತಳಿಯ, ಇನ್ನೂ ಕರು ಹಾಕದ ಪಡ್ಡೆಯೊಂದನ್ನೂ ಕೊಟ್ಟಿಗೆ ಹಿಂದಿನ ಮಣ್ಣಂಗಳಕ್ಕೆ ಬಿಡತೊಡಗಿದರು. ಒಂದು ದಿನ ಆ ಪುಟ್ಟ ಪಡ್ಡೆ ಎಗರಿ ಎಗರಿ ಹಾರುತ್ತಿದೆ, ಇಷ್ಟು ದೊಡ್ಡ ಹಸು ಹೆಜ್ಜೆ ಕದಲಿಸದೆ ನಿಂತಿದೆ! ಅಮ್ಮ ತೋಟದಲ್ಲಿದ್ದ ಅಪ್ಪನನ್ನು ಕೂಗಿದರು. ಸಂಜೆಯೇ ಸೆಮೆನ್ (ಹೋರಿಯ ವೀರ್ಯ) ಹಾಕಿಸಿದೆವು. ಗಬ್ಬ ನಿಂತಿತು. ಹಸುವಿನಲ್ಲಿ ದೋಷವೇ ಇರಲಿಲ್ಲ, ಅಲ್ವಾ?

ಬೆದೆ ಇರುವುದು 12ರಿಂದ 18 ಗಂಟೆ. ತಪ್ಪಿದರೆ ಮತ್ತೆ 21 ದಿನ ಸುಮ್ನೆ ಮೇವು ಹಾಕಬೇಕು. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಸೆಮೆನ್ ಎಂಬ ಲೆಕ್ಕ ಕಂಡವರಿಗೆ ಮಾತ್ರ ಸಿಗುತ್ತದೆ. ಬಿಚ್ಚಿದರೆ ಜಾರಿ ಬೀಳುತ್ತದೆ ಎನ್ನುತ್ತಾರೆ. ಬೀಳುವ ಹಸು ಕೊಟ್ಟಿಗೆಯಲ್ಲೂ ಬೀಳುತ್ತದೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಬಿಚ್ಚಿ ಎದುರು ನಿಲ್ಲಲು ಪುರುಸೊತ್ತಿಲ್ಲದವರು ಹಸು ಯಾಕೆ ಸಾಕಬೇಕು?

ವಿರೋಧ: ಎಲ್ಲ ಮನೆಗೂ ಆಗುವ ಮಾತಲ್ಲ

ಬಿಟ್ಟರೆ ಬೆದೆ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಒಂದೇ ಹಸು ಇರುವ ಮನೆಯಲ್ಲಿ ಅದರ ಮೇಲೆ ಹಾರುವವರು ಯಾರು? ಮಳೆಗಾಲವಿಡೀ ಅಂಗಳದಲ್ಲಿ ಕೆಸರು, ಪಾಚಿ. ಜಾರುವ ನೆಲದಲ್ಲಿ ಹಸುಗಳು ಹಾರುವುದೇ ಕಡಿಮೆ. ಕಾಡಂಚಿಗೆ ಬಿಟ್ಟರೆ ಉಣ್ಣಿ ಹತ್ತಿಸಿಕೊಂಡು ಬರುತ್ತವೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದಲೇ. ದಿನಾ ಬಿಚ್ಚಿ ಬಿಡಿ ಎನ್ನುವವರು ಇದನ್ನು ಯೋಚಿಸಲಿ.

ಕಟ್ಟಿದಲ್ಲೂ ದಾರಿ ಇದೆ. ಕಳೆದ ಬೆದೆಯ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, 18ರಿಂದ 24ನೇ ದಿನದವರೆಗೆ ಕಣ್ಣಿಡಿ. ರಾತ್ರಿ ಒಮ್ಮೆ ಟಾರ್ಚ್ ಹಿಡಿದು ನೋಡಿ. ಮಲಗಿದ ಹಸುವಿನ ಹಿಂದೆ ತಿಳಿಯಾದ ಲೋಳೆ ಬಿದ್ದಿರುತ್ತದೆ. ಅದೂ ಕಾಣದಿದ್ದರೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟು, ಬೆದೆ ನೋಡದೆ ನಿಗದಿತ ಹೊತ್ತಿಗೆ ಸೆಮೆನ್ ಹಾಕುವ ಕ್ರಮವಿದೆ. ಅದಕ್ಕೆ ಮುಂಚೆ ವೈದ್ಯರಿಂದ ಗಬ್ಬದ ಪರೀಕ್ಷೆ ಮಾಡಿಸಲೇಬೇಕು. ಗಬ್ಬವಿದ್ದ ಹಸುವಿಗೆ ಆ ಇಂಜೆಕ್ಷನ್ ಬಿದ್ದರೆ ಕಂದು ಹಾಕಬಹುದು, ಅಂದರೆ ಗರ್ಭಪಾತವಾಗಬಹುದು.