ಬೇರಿಲ್ಲದ ಮರಕ್ಕೆ ಹೂವಿನ ಹಾರ

ಮರ ಎಂಬ ಹಳೆಯ ಮಾದರಿಯಲ್ಲಿ ದೋಷಗಳು ಒಂದೆರಡಲ್ಲ. ಎಲೆ ಉದುರಿಸುತ್ತದೆ. ಹೇಳದೆ ಕೇಳದೆ ಬೇರು ಚಾಚಿ ಪಾದಚಾರಿ ಮಾರ್ಗದ ಚಪ್ಪಡಿ ಎಬ್ಬಿಸುತ್ತದೆ. ನೆಟ್ಟವರ ಅಧಿಕಾರಾವಧಿ ಮುಗಿಯುವ ಹೊತ್ತಿಗೂ ತಲೆಯೆತ್ತರ ದಾಟುವ ಭರವಸೆ ಇಲ್ಲ. ಹೋಗಲಿ, ಕಾಂಡಕ್ಕೊಂದು ನಾಮಫಲಕವನ್ನಾದರೂ ಮೊಳೆ ಹೊಡೆದು ಕೂರಿಸೋಣವೆಂದರೆ, ವರ್ಷಗಳು ಕಳೆದಂತೆ ತೊಗಟೆ ಉಬ್ಬಿ ಉಬ್ಬಿ ಫಲಕವನ್ನೇ ನುಂಗಿ ಹಾಕುತ್ತದೆ. ಉದ್ಘಾಟಕರ ಹೆಸರನ್ನೇ ನುಂಗುವ ವಸ್ತುವನ್ನು ಸಾರ್ವಜನಿಕ ಹಣದಲ್ಲಿ ಸಾಕುವುದು ಹೇಗೆ?

ಹಾಗಾಗಿ ಬಂತು ಸೋಲಾರ್ ಮರ. ಒಂದು ಉಕ್ಕಿನ ಕಂಬ, ಅದರಿಂದ ಕೊಂಬೆಗಳ ಹಾಗೆ ಚಾಚಿದ ಪೈಪುಗಳು, ಪೈಪುಗಳ ತುದಿಯಲ್ಲಿ ನೀಲಿ ಪ್ಯಾನೆಲ್ಲುಗಳು. ನೆಟ್ಟ ದಿನವೇ ಪೂರ್ಣ ಎತ್ತರ. ಎಲೆ ಉದುರುವುದಿಲ್ಲ. ಫಲಕ ಹಾಕಿದಲ್ಲೇ ಇರುತ್ತದೆ. ಫೋಟೋದಲ್ಲಂತೂ ಎಷ್ಟು ಚೆನ್ನಾಗಿ ಬರುತ್ತದೆ ಎಂದರೆ, ಅದರ ಮುಂದೆ ನಿಂತವರೆಲ್ಲ ಕೂಡಲೇ ಪರಿಸರಪ್ರೇಮಿಗಳಾಗಿ ಕಾಣುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ, ಪ್ಯಾನೆಲ್ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಅದು ಪಾಪದ್ದು. ಬಿಸಿಲಿಗೆ ಮುಖ ಕೊಟ್ಟು ಮಲಗಿಸಿದರೆ ಇಪ್ಪತ್ತೈದು ವರ್ಷ ತೆಪ್ಪಗೆ ದುಡಿಯುತ್ತದೆ. ಬಿದ್ದ ಬೆಳಕಿನಲ್ಲಿ ಸುಮಾರು ಶೇ. 20ರಷ್ಟನ್ನು ವಿದ್ಯುತ್ ಮಾಡುತ್ತದೆ. ಅಸಲಿ ಎಲೆ ದ್ಯುತಿಸಂಶ್ಲೇಷಣೆಯಲ್ಲಿ ಉಳಿಸಿಕೊಳ್ಳುವುದು ಸಾಮಾನ್ಯವಾಗಿ ಶೇ. 1ರ ಆಸುಪಾಸು. ಅಂಕಪಟ್ಟಿ ನೋಡಿದರೆ ಎಲೆ ಫೇಲು, ಪ್ಯಾನೆಲ್ ಪಾಸು. ನನ್ನ ತಕರಾರು ಇರುವುದು ಆ ಪಾಪದ್ದನ್ನು ಮಲಗಿದಲ್ಲಿಂದ ಎಬ್ಬಿಸಿ, ಕಂಬ ಹತ್ತಿಸಿ, ಎಲೆಯ ವೇಷ ಹಾಕಿಸಿ ಕುಣಿಸುವವರ ಮೇಲೆ.

ಇದರಲ್ಲಿ ನಮ್ಮ ದೇಶ ಹಿಂದೆ ಬಿದ್ದಿಲ್ಲ. ಪಶ್ಚಿಮ ಬಂಗಾಳದ ದುರ್ಗಾಪುರದ ಸಿಎಸ್‌ಐಆರ್‌-ಸಿಎಂಇಆರ್‌ಐ ಎಂಬ ಸರ್ಕಾರಿ ಯಾಂತ್ರಿಕ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 2020ರಲ್ಲಿ ತನ್ನ ವಸತಿ ಸಮುಚ್ಚಯದಲ್ಲಿ ಒಂದು ಸೋಲಾರ್ ಮರ ನಿಲ್ಲಿಸಿ, ಇದೇ ಜಗತ್ತಿನ ಅತಿ ದೊಡ್ಡದು ಎಂದು ಸಾರಿತು. 330 ವಾಟ್‌ನ 35 ಪ್ಯಾನೆಲ್, ಒಟ್ಟು 11.5 ಕಿಲೋವಾಟ್‌ಗಿಂತ ಹೆಚ್ಚು, ಬೆಲೆ ಸುಮಾರು ಏಳೂವರೆ ಲಕ್ಷ ರೂಪಾಯಿ, ವರ್ಷಕ್ಕೆ 12,000ದಿಂದ 14,000 ಯೂನಿಟ್. ಈ ಅಂಕಿಗಳೆಲ್ಲ ಹೆಮ್ಮೆಯಿಂದ ಹೇಳಿಕೊಂಡವೇ. ಆದರೆ ಹೆಮ್ಮೆಯ ಅಂಕಿಗಳ ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಡಬಾರದು. ಚಾವಣಿಯ ಮೇಲೆ ಸುಮ್ಮನೆ ಮಲಗಿದ ಒಂದು ಕಿಲೋವಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿಗೆ ದಿನಕ್ಕೆ 4 ಯೂನಿಟ್ ಕೊಡುತ್ತದೆ ಎನ್ನುವುದು ನಮ್ಮಲ್ಲಿ ಸೋಲಾರ್ ಹಾಕಿಸುವವರ ರೂಢಿಯ ಲೆಕ್ಕ. ಅದರಂತೆ 11.5 ಕಿಲೋವಾಟ್‌ಗೆ ವರ್ಷಕ್ಕೆ ಹದಿನಾರು ಸಾವಿರ ದಾಟಬೇಕು. ಮೋಡಕ್ಕೆ, ಧೂಳಿಗೆ, ಊರಿನ ಹವೆಗೆ ಅಂತ ಕಳೆದುಕೊಳ್ಳೋಣ, ಚೌಕಾಶಿ ಬೇಡ. ಉಳಿದ ವ್ಯತ್ಯಾಸಕ್ಕೆ ಕಲೆಯ ಖಾತೆಯಲ್ಲಿ ಖರ್ಚು ಎಂದು ಬರೆದುಕೊಂಡರಾಯಿತು.

ಇಂಗಾಲದ ಲೆಕ್ಕವನ್ನೂ ಕೊಟ್ಟಿದ್ದಾರೆ: ವರ್ಷಕ್ಕೆ 10ರಿಂದ 12 ಟನ್ ಇಂಗಾಲದ ಡೈಆಕ್ಸೈಡ್ ಉಳಿತಾಯ. ನಿಜವೇ ಇರಬಹುದು. ಬೆಳೆದು ನಿಂತ ಮರವೊಂದು ವರ್ಷಕ್ಕೆ ಹೀರುವುದು ಕೆಲವು ಹತ್ತು ಕಿಲೋ ಮಾತ್ರ. ಆದರೆ ಅದೇ 35 ಪ್ಯಾನೆಲ್ಲುಗಳನ್ನು ಗೋದಾಮಿನ ತಗಡಿನ ಮೇಲೆ ಹಾಸಿದ್ದರೂ ಅಷ್ಟು ಟನ್ ಉಳಿಯುತ್ತಿತ್ತಲ್ಲ! ದುಡಿಮೆ ಪ್ಯಾನೆಲ್ಲಿನದು, ಹಾರ ಮಾತ್ರ ಆಕಾರದ ಕೊರಳಿಗೆ.

ಸೋಲಾರ್ ಮರದ ಪರವಾಗಿ ಸದಾ ಎತ್ತುವ ಮಾತು ಜಾಗದ ಉಳಿತಾಯ. 5 ಕಿಲೋವಾಟ್‌ಗೆ ನೆಲದ ಮೇಲೆ 400 ಚದರ ಅಡಿ ಬೇಕು, ಮರಕ್ಕಾದರೆ 4 ಚದರ ಅಡಿ ಸಾಕು ಎಂದು 2016ರಲ್ಲೇ ಘೋಷಣೆಯಾಯಿತು. ಈ ತರ್ಕದ ಪ್ರಕಾರ ಕೊಡೆ ಹಿಡಿದು ನಿಂತವನಿಗೆ ಬೇಕಾಗುವುದು ಎರಡು ಪಾದದಷ್ಟು ಜಾಗ. ಹಾಗಾದರೆ ಮೂರಡಿ ಅಗಲದ ಕೋಣೆಯಲ್ಲಿ ಕೊಡೆ ಬಿಚ್ಚಿದ ನಾಲ್ಕು ಜನರನ್ನು ನಿಲ್ಲಿಸಿ ನೋಡಬೇಕು. ಸೂರ್ಯ ನೆಲದ ಚದರ ಅಡಿಗೆ ಇಷ್ಟು ಎಂದು ಅಳೆದು ಸುರಿಯುತ್ತಾನೆ. ಪ್ಯಾನೆಲ್ಲನ್ನು ಕಂಬದ ತುದಿಗೆ ಏರಿಸಿದ ಮಾತ್ರಕ್ಕೆ ಪಡಿ ಹೆಚ್ಚಿಸುವುದಿಲ್ಲ. ಮೇಲೆ ಹಿಡಿದ ಬಿಸಿಲಿನಷ್ಟೂ ಕೆಳಗೆ ಎಲ್ಲೋ ಕಡಿಮೆಯಾಗಲೇಬೇಕು, ಬಹುಶಃ ಪಕ್ಕದ ಸೋಲಾರ್ ಮರದ ಮೇಲೆ. ಅದಕ್ಕೇ ಒಂಟಿ ಮರ ಎಲ್ಲ ಕಡೆ ಯಶಸ್ವಿ. ತೋಪು ಮಾಡಲು ಹೊರಟರೆ ಒಂದಕ್ಕೊಂದು ಅಡ್ಡ ನಿಂತುಬಿಡುತ್ತವೆ.

ಇನ್ನು ಆ 4 ಚದರ ಅಡಿ ಕಣ್ಣಿಗೆ ಕಾಣುವಷ್ಟು ಮಾತ್ರ. ಅಸಲಿ ಮರ ಬಿರುಗಾಳಿಗೆ ಎಲೆ ಮಡಿಚುತ್ತದೆ, ಕೊಂಬೆ ಬಾಗಿಸುತ್ತದೆ, ತೀರಾ ಆಗದಿದ್ದರೆ ಒಂದು ರೆಂಬೆ ಕೊಟ್ಟು ಜೀವ ಉಳಿಸಿಕೊಳ್ಳುತ್ತದೆ. ಗಾಜಿನ ಪ್ಯಾನೆಲ್‌ಗೆ ಬಾಗುವ ವಿದ್ಯೆ ಗೊತ್ತಿಲ್ಲ. ಗಾಳಿಯ ಹೊಡೆತವನ್ನೆಲ್ಲ ಕಂಬ ತಾಳಿಕೊಳ್ಳಬೇಕು, ಕಂಬದ್ದನ್ನು ಅಡಿಪಾಯ. ಹಾಗಾಗಿ ಹಸಿರು ಮರದ ಬುಡದಲ್ಲಿ ಬೇರಿನ ಜಾಗದಲ್ಲಿ ಮಲಗಿರುವುದು ಸಿಮೆಂಟು, ಕಂಬಿ, ಜಲ್ಲಿ. ಅದರ ಫೋಟೋ ಯಾರೂ ಹಾಕುವುದಿಲ್ಲ.

ನನಗೆ ಅತಿ ಪ್ರಿಯವಾದದ್ದು ದಿಕ್ಕಿನ ವಿಚಾರ. ಮರವೆಂದ ಮೇಲೆ ಕೊಂಬೆಗಳು ಸುತ್ತಲೂ ಹರಡಬೇಕು, ಇಲ್ಲದಿದ್ದರೆ ಯಾರು ಮರ ಅನ್ನುತ್ತಾರೆ? ಆದ್ದರಿಂದ ಶೋಕಿಯ ವಿನ್ಯಾಸಗಳಲ್ಲಿ ಒಂದು ಪ್ಯಾನೆಲ್ ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ, ಪಾಪ ಇನ್ನೊಂದು ಬಿಸಿಲೇ ಕಾಣದ ಕಡೆಗೆ. ಇವನ್ನೆಲ್ಲ ಒಂದೇ ಸರಣಿಯಲ್ಲಿ ಜೋಡಿಸಿದರೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನುವ ಕಥೆ. ಸರಣಿಯಲ್ಲಿ ಹರಿಯುವ ಕರೆಂಟನ್ನು ತೀರ್ಮಾನಿಸುವುದು ಅತ್ಯಂತ ಸೋಮಾರಿ ಪ್ಯಾನೆಲ್. ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ಪರಿಹಾರ ಇಲ್ಲವೆಂದಲ್ಲ: ಸೋತ ಭಾಗವನ್ನು ಬಿಟ್ಟು ಕರೆಂಟಿಗೆ ಬಳಸುದಾರಿ ಕೊಡುವ ಬೈಪಾಸ್ ಡಯೋಡ್ ಇದೆ, ಪ್ಯಾನೆಲ್ಲಿಗೊಂದು ಪುಟ್ಟ ಇನ್ವರ್ಟರ್ ಕೂರಿಸಬಹುದು, ಕೊಂಬೆಗಳನ್ನು ತಿರುಗುವಂತೆ ಮಾಡಬಹುದು. ಆಕಾರ ತಂದ ಕಾಯಿಲೆಗೆ ಆಮೇಲೆ ಔಷಧದ ಖರ್ಚು. ಬುದ್ಧಿವಂತ ಎಂಜಿನಿಯರುಗಳು ಇವೆಲ್ಲ ರಗಳೆಯೇ ಬೇಡವೆಂದು ಎಲ್ಲ ಪ್ಯಾನೆಲ್ಲುಗಳನ್ನೂ ಒಂದೇ ಕಡೆ ವಾಲಿಸುತ್ತಾರೆ. ಆಗ ಬೆಳೆ ಚೆನ್ನಾಗಿ ಬರುತ್ತದೆ, ಆದರೆ ಮರ ಹೋಗಿ ಏಣಿಗೆ ಒರಗಿಸಿಟ್ಟ ಚಾವಣಿ ಆಗಿರುತ್ತದೆ.

ಈ ಮೋಹ ಎಷ್ಟು ಆಳವಾದದ್ದು ಎಂಬುದಕ್ಕೆ 2011ರ ಒಂದು ಪ್ರಸಂಗ ಸಾಕು. ಅಮೆರಿಕದ 13 ವರ್ಷದ ಹುಡುಗನೊಬ್ಬ ಓಕ್ ಮರದ ಕೊಂಬೆಗಳ ಫಿಬೊನಾಚಿ ಜೋಡಣೆಯನ್ನು (ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ 1, 1, 2, 3, 5ರ ಸರಣಿಯ ಲೆಕ್ಕ) ಅನುಸರಿಸಿ ಪುಟ್ಟ ಸೋಲಾರ್ ಮರ ಮಾಡಿದ. ಸಪಾಟು ಹಾಸಿದ ಪ್ಯಾನೆಲ್ಲಿಗಿಂತ ಇದೇ ಮೇಲು ಎಂಬ ಫಲಿತಾಂಶ ಕಂಡ. ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಬಹುಮಾನ ಕೊಟ್ಟಿತು. ಜಗತ್ತಿನ ಪತ್ರಿಕೆಗಳು ಸೂರ್ಯನೇ ನಾಚುವಂತೆ ಬರೆದವು. ಆಮೇಲೆ ತಿಳಿದವರು ಕಣ್ಣಾಡಿಸಿದರೆ, ಹುಡುಗ ಅಳೆದದ್ದು ವೋಲ್ಟೇಜನ್ನು, ವಿದ್ಯುತ್ ಶಕ್ತಿಯನ್ನಲ್ಲ. ದೀಪ, ಮೋಟರು ಹೀಗೆ ಯಾವ ಹೊರೆಯನ್ನೂ ಜೋಡಿಸದ ಪ್ಯಾನೆಲ್ ಮಬ್ಬು ಬೆಳಕಿನಲ್ಲೂ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಸೊರಗುವುದು ಹರಿಯುವ ಕರೆಂಟು, ಶಕ್ತಿಯ ಲೆಕ್ಕ ಸಿಗುವುದು ಎರಡನ್ನೂ ಗುಣಿಸಿದಾಗ. ಮಗುವಿನದು ತಪ್ಪೇನಲ್ಲ, ಆ ವಯಸ್ಸಿಗೆ ಅಷ್ಟು ನೋಡಿದ್ದೇ ದೊಡ್ಡದು. ಮಲ್ಟಿಮೀಟರ್ ಹಿಡಿಯಲು ಬಾರದ ದೊಡ್ಡವರು ಎಷ್ಟು ಜನ ಸಂಪಾದಕೀಯ ಬರೆದರು ಅನ್ನುವುದೇ ಮಜಾ.

ಉದ್ಘಾಟನೆ ಹೇಗೆ ನಡೆಯುತ್ತದೆ ಎಂಬುದನ್ನು ಊಹಿಸಲು ಕಷ್ಟವಿಲ್ಲ. ನಡುಹಗಲು ಹನ್ನೆರಡು. ಅತಿಥಿಗಳು ಬಟನ್ ಒತ್ತುತ್ತಾರೆ, ಕೊಂಬೆಗಳಿಗೆ ಕಟ್ಟಿದ ಎಲ್‌ಇಡಿ ದೀಪಗಳು ಹತ್ತುತ್ತವೆ. ಹತ್ತಿದ್ದು ಬಿಸಿಲಿಗೆ ಕಾಣುವುದಿಲ್ಲವಾದ್ದರಿಂದ ನಿರೂಪಕರು ಮೈಕಿನಲ್ಲಿ "ಈಗ ದೀಪಗಳು ಬೆಳಗುತ್ತಿವೆ" ಎಂದು ಪ್ರಕಟಿಸುತ್ತಾರೆ. ಚಪ್ಪಾಳೆ. ಸಭಿಕರು ಕೂತದ್ದು ಶಾಮಿಯಾನದ ಕೆಳಗೆ, ಯಾಕೆಂದರೆ ಈ ಮರದ ನೆರಳು ಚೂರುಚೂರಾಗಿ ಬಿದ್ದು, ಕುರ್ಚಿ ಹಾಕುವಷ್ಟರಲ್ಲಿ ರಸ್ತೆಯ ಮಧ್ಯಕ್ಕೆ ಹೋಗಿರುತ್ತದೆ. ಬುಡದಲ್ಲೊಂದು ಲೋಹದ ಬೆಂಚು. ಅದರ ಮೇಲೆ ಕೂತು ಎದ್ದವರಿಗೆ ಸೌರಶಕ್ತಿಯ ಮೇಲೆ ಮತ್ತೆಂದೂ ಅನುಮಾನ ಬರುವುದಿಲ್ಲ.

ಅದಕ್ಕೂ ಮುಂಚಿನ ಸಭೆಯಲ್ಲಿ ಕಿರಿಯ ಎಂಜಿನಿಯರೊಬ್ಬ ಬಾಯಿ ತೆರೆದಿರುತ್ತಾನೆ.

"ಸರ್, ಇಷ್ಟೇ ಪ್ಯಾನೆಲ್ ನಮ್ಮ ಕಚೇರಿ ಚಾವಣಿ ಮೇಲೇ ಹಾಕಿದ್ರೆ ಕಂಬದ ಖರ್ಚು ಉಳೀತಿತ್ತು. ಚಾವಣಿ ಖಾಲಿನೇ ಬಿದ್ದಿದೆ."

"ಚಾವಣಿಗೆ ಹೋಗೋಕೆ ಏನಿದೆಯಪ್ಪಾ?"

"ಕಬ್ಬಿಣದ ಏಣಿ, ಸರ್."

"ಆ ಏಣಿ ಹತ್ತಿಕೊಂಡು ಬಂದು ರಿಬ್ಬನ್ ಯಾರು ಕತ್ತರಿಸ್ತಾರೆ, ನೀನಾ?"

ಕಡತ ಅಲ್ಲಿಗೆ ಅನುಮೋದನೆಯಾಯಿತು. ಅದೇ ಕಡತದ ಕೊನೆಯ ಪುಟದಲ್ಲಿ ಇನ್ನೊಂದು ಸಣ್ಣ ಪ್ರಸ್ತಾವನೆ: ಯೋಜಿತ ಮರದ ಮೇಲೆ ಮಧ್ಯಾಹ್ನ ಮೂರರ ನಂತರ ನೆರಳು ಬೀಳುತ್ತಿದ್ದು, ಸದರಿ ನೆರಳಿಗೆ ಪಕ್ಕದಲ್ಲಿರುವ ಹಳೆಯ ಮಾದರಿಯ ಮರ ಕಾರಣವಾಗಿರುವುದರಿಂದ, ಹಸಿರು ಶಕ್ತಿಯ ಹಿತದೃಷ್ಟಿಯಿಂದ ಅದನ್ನು ತೆರವುಗೊಳಿಸಬಹುದು.

ಸೋಲಾರ್ ಮರವನ್ನು ಯಾವ ಷರತ್ತೂ ಹಾಕದೆ ಮರವೆಂದು ಒಪ್ಪಿಕೊಂಡವರು ಕಾಗೆಗಳು ಮಾತ್ರ. ಕೊಂಬೆಯ ಮೇಲೆ ಕೂರುತ್ತವೆ, ಕೂತು ಮಾಡುವುದನ್ನು ಮಾಡುತ್ತವೆ. ಒಂದು ಮುಷ್ಟಿಯಷ್ಟು ಹಿಕ್ಕೆ ಸರಿಯಾದ ಸೆಲ್ಲಿನ ಮೇಲೆ ಬಿದ್ದರೆ ಆ ಪ್ಯಾನೆಲ್ಲಿನ ಮೂರನೇ ಒಂದು ಭಾಗ ಕೆಲಸ ನಿಲ್ಲಿಸಬಹುದು. ಚಾವಣಿಯಾದರೆ ಬಕೆಟ್ಟು, ಕೋಲಿಗೆ ಕಟ್ಟಿದ ಬಟ್ಟೆ ಹಿಡಿದು ಹೋಗಿ ಒರೆಸಿ ಬರಬಹುದು. ಇಲ್ಲಿ ಕ್ರೇನು ಬರಬೇಕು. ಕ್ರೇನು ಡೀಸೆಲ್ಲಿನದು. ಕೆಲವು ವಿನ್ಯಾಸಗಳಲ್ಲಿ ತುದಿಯಿಂದ ನೀರು ಚಿಮ್ಮಿಸಿ ತೊಳೆಯುವ ಏರ್ಪಾಡೂ ಇದೆ. ಅಂದರೆ ಈ ಮರಕ್ಕೂ ನೀರು ಹಾಕಬೇಕು. ಬುಡಕ್ಕಲ್ಲ, ತಲೆಗೆ.

ಸಿಂಗಪುರದವರು ಮಾತ್ರ ಈ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದ್ದಾರೆ. ಅಲ್ಲಿನ ಗಾರ್ಡನ್ಸ್ ಬೈ ದಿ ಬೇ ಉದ್ಯಾನದಲ್ಲಿ 25ರಿಂದ 50 ಮೀಟರ್ ಎತ್ತರದ ಕಾಂಕ್ರೀಟು-ಉಕ್ಕಿನ 18 ಸೂಪರ್‌ಟ್ರೀಗಳಿವೆ. ಕೆಲವಕ್ಕೆ ನೆತ್ತಿಯ ಮೇಲೆ ಸೋಲಾರ್, ಕೆಲವು ಗಾಜಿನ ಮನೆಗಳಿಂದ ಬರುವ ಬಿಸಿಗಾಳಿ ಹೊರಬಿಡುವ ಕೊಳವೆಗಳು. ಉದ್ಯಾನದ ಬಾಯ್ಲರ್‌ಗೆ ಉರುವಲು ನಗರದ ಮರಗಳಿಂದ ಸವರಿದ ಕೊಂಬೆ, ಕಸ. ಜೀವವಿದ್ದ ಮರ ಒಲೆಗೆ, ಜೀವವಿಲ್ಲದ ಮರ ಚಿಮಣಿಗೆ. ಆದರೂ ಒಪ್ಪಬೇಕು, ನೋಡಲು ಅದ್ಭುತ. ಅವರು ಅದನ್ನು ಪ್ರವಾಸಿ ಆಕರ್ಷಣೆ ಎಂದೇ ಕರೆದು ಟಿಕೆಟ್ ಹರಿಯುತ್ತಾರೆ, ವಿದ್ಯುತ್ ಸ್ಥಾವರ ಎಂದು ಪ್ರಣಾಳಿಕೆಯಲ್ಲಿ ಬರೆಯುವುದಿಲ್ಲ.

ನಮ್ಮದು ದಾಖಲೆಯ ಹಾದಿ. ದುರ್ಗಾಪುರದ ಮರದ ಪಟ್ಟವನ್ನು ಅದೇ ಸಂಸ್ಥೆಯ ಲೂಧಿಯಾನದ ಮರ ಕಿತ್ತುಕೊಂಡಿತು. ಪ್ಯಾನೆಲ್ ವಿಸ್ತೀರ್ಣ 309.83 ಚದರ ಮೀಟರ್ ಎಂದು ಗಿನ್ನೆಸ್ ಪುಸ್ತಕದಲ್ಲಿ ದಾಖಲು. ದಶಮಾಂಶದ ನಂತರ ಎರಡು ಸ್ಥಾನದವರೆಗೆ ಅಳೆದಿದ್ದಾರೆ. ಸೋಲಾರ್ ಮರ ಬೆಳೆಯುವುದಿಲ್ಲ ಎಂದು ಯಾರು ಹೇಳಿದರು?

ಹಾಗೆ ನೋಡಿದರೆ ಮರವನ್ನು ಬಿಡಿಭಾಗ ಮಾಡಿ ಬೇರೆಬೇರೆ ಇಲಾಖೆಗೆ ಹಂಚುವ ಕೆಲಸ ಜಗತ್ತಿನಾದ್ಯಂತ ಭರದಿಂದ ನಡೆದಿದೆ. ಎತ್ತರದ ಖಾತೆಯನ್ನು ಮೊಬೈಲ್ ಟವರ್ ವಹಿಸಿಕೊಂಡಿದೆ. ಪ್ಲಾಸ್ಟಿಕ್ ಎಲೆ ಅಂಟಿಸಿಕೊಂಡು ಪೈನ್ ಮರದ ವೇಷದಲ್ಲಿ ನಿಂತ ಟವರುಗಳು ಅಮೆರಿಕದಲ್ಲಿ 1990ರ ದಶಕದಿಂದಲೇ ಇವೆ. ಎಲೆ ಅಲುಗುವ ಖಾತೆ ಫ್ರಾನ್ಸಿನ ಗಾಳಿಮರಕ್ಕೆ, ಅದರ ಎಲೆಯೊಂದೊಂದೂ ಪುಟ್ಟ ಟರ್ಬೈನು. ಆಮ್ಲಜನಕದ ಖಾತೆಯನ್ನು 2021ರಲ್ಲಿ ಸರ್ಬಿಯಾದ ಬೆಲ್‌ಗ್ರೇಡ್ ನಗರ ಲಿಕ್ವಿಡ್ 3 ಎಂಬ ಗಾಜಿನ ತೊಟ್ಟಿಗೆ ಕೊಟ್ಟಿತು. 600 ಲೀಟರ್ ನೀರಿನಲ್ಲಿ ಪಾಚಿ, ಜೊತೆಗೆ ಬೆಂಚು, ಮೊಬೈಲ್ ಚಾರ್ಜರು, ಮೇಲೊಂದು ಸೋಲಾರ್ ಪ್ಯಾನೆಲ್. ಬಿಸಿಲಿನ ಖಾತೆ ನಮ್ಮ ಉಕ್ಕಿನ ಮರದ್ದು.

ಯಾರೂ ಕೇಳದೆ ಉಳಿದಿದ್ದ ಖಾತೆ ನೆರಳಿನದು. ಅದಕ್ಕೂ ಈಗ ಪ್ರತ್ಯೇಕ ಟೆಂಡರ್ ಕರೆಯುವ ಮಾತು ನಡೆದಿದೆಯಂತೆ: ಸೋಲಾರ್ ಮರದ ಬುಡದಲ್ಲಿ ಸಾರ್ವಜನಿಕರ ಅನುಕೂಲಕ್ಕಾಗಿ ತಗಡಿನ ಸೂರು. ಜೂನ್ 5ರ ವಿಶ್ವ ಪರಿಸರ ದಿನದೊಳಗೆ ಕೆಲಸ ಮುಗಿಯಬೇಕು. ಬಣ್ಣ ಹಸಿರು, ತಗಡು ಎಲೆಯ ಆಕಾರದಲ್ಲಿ ಇರತಕ್ಕದ್ದು.